ಹೊರಡುವ ಮೊದಲು ತಕರಾರುಗಳ ಪಟ್ಟಿ ಮಾಡಿ

ಪ್ರವಾಸ ಇಷ್ಟವಿಲ್ಲ ಎನ್ನುವವರು ನನಗಂತೂ ಸಿಕ್ಕಿಲ್ಲ. ಅದರಲ್ಲಿ ಏನಿಷ್ಟ ಎಂದು ಕೆದಕಿದರೆ ಬೆಟ್ಟ, ಸಮುದ್ರ, ಹೊಸ ಜನ ಅಂದು ಸುಮ್ಮನಾಗುತ್ತಾರೆ. ಪ್ಯಾಕೇಜ್ ಟೂರಿಗೆ ಹೋಗುವವರಿಗೆ ಅಷ್ಟು ಉತ್ತರ ಸಾಕು, ಉಳಿದದ್ದನ್ನು ಟೂರಿನವರು ನೋಡಿಕೊಳ್ಳುತ್ತಾರೆ. ಬೆನ್ನಿಗೆ ಬ್ಯಾಗು ಏರಿಸಿ ಹೊರಡುವವರಿಗೆ ಸಾಲದು. ಇವತ್ತು ಎಲ್ಲಿ ಮಲಗುವುದು, ಈ ಬಸ್ಸು ಹತ್ತುವುದೋ ಬಿಡುವುದೋ, ಇನ್ನೊಂದು ರಾತ್ರಿ ಇಲ್ಲೇ ಇರುವುದೋ ಎಂದು ದಿನವಿಡೀ ತೀರ್ಮಾನ ಮಾಡುತ್ತಲೇ ಇರಬೇಕು. ತನಗೇನು ಬೇಕೆಂದು ಗೊತ್ತಿಲ್ಲದವರು ಆ ತೀರ್ಮಾನಗಳನ್ನೆಲ್ಲ ಹಾಸ್ಟೆಲಿನ ಪಕ್ಕದ ಮಂಚದವರಿಗೆ ವಹಿಸಿಬಿಡುತ್ತಾರೆ. ಅವರು ಹೋದಲ್ಲಿಗೆ ಇವರೂ.

ಒಬ್ಬಳೇ ತಿರುಗುವ ಅಭ್ಯಾಸ ನನಗೆ ಹಳೆಯದು. ಯೋಜನೆ ಹಾಕುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಇಷ್ಟಗಳಿಂದ ಶುರು ಮಾಡಬೇಡಿ, ತಕರಾರುಗಳಿಂದ ಶುರು ಮಾಡಿ. ಇಷ್ಟ ಹೇಳುವಾಗ ನಾವು ಎದುರಿಗಿರುವವರ ಕಣ್ಣಿಗೆ ಸ್ವಲ್ಪ ಚೆಂದವಾಗಿ ಕಾಣಲು ನೋಡುತ್ತೇವೆ. ಸಿಟ್ಟು ಬಂದಾಗ ಆ ಎಚ್ಚರ ಇರುವುದಿಲ್ಲ.

ಒಂದು ಪುಟ ತೆಗೆದುಕೊಂಡು, ಹಿಂದಿನ ಪ್ರಯಾಣಗಳಲ್ಲಿ ಮೈ ಉರಿಸಿದ್ದನ್ನೆಲ್ಲ ಮುಲಾಜಿಲ್ಲದೆ ಬರೆಯಿರಿ. ಇದೂ ಒಂದು ತಕರಾರೇ ಅನ್ನಿಸುವಂಥವನ್ನು ಮೊದಲು ಬರೆಯಿರಿ, ಕೆಲಸಕ್ಕೆ ಬರುವುದು ಅವೇ. ನನ್ನ ಪುಟದ ಮೊದಲ ಸಾಲು, ಡಾರ್ಮಿಟರಿಯಲ್ಲಿ ನಸುಕಿಗೆ ಬ್ಯಾಗು ಕಟ್ಟುವವರು. ನಾಲ್ಕು ಗಂಟೆಗೆ ಮೇಲಿನ ಮಂಚದಿಂದ ಎರಡು ಕಾಲು ಇಳಿಯುತ್ತವೆ. ಮೊಬೈಲಿನ ಬೆಳಕು ಚಾವಣಿ ಸುತ್ತಿ, ನನ್ನ ಮುಖದ ಮೇಲೆ ಒಂದು ಕ್ಷಣ ನಿಂತು, ನೆಲಕ್ಕೆ ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್ ಕವರುಗಳು. ಕಾಲುಚೀಲಕ್ಕೊಂದು, ಚಾರ್ಜರಿಗೊಂದು, ಸೋಪಿಗೊಂದು. ಒಂದೊಂದೂ ಪರಪರ ಅನ್ನುತ್ತ ಬ್ಯಾಗಿನೊಳಗೆ ಹೋಗಿ, ಏನೋ ನೆನಪಾಗಿ ಮತ್ತೆ ಹೊರಗೆ ಬರುತ್ತದೆ. ಕೊನೆಗೆ ಜಿಪ್ಪು. ಉಳಿದವರಿಗೆ ತೊಂದರೆಯಾಗಬಾರದೆಂದು ಅದನ್ನು ಒಂದೊಂದೇ ಹಲ್ಲಾಗಿ ಎಳೆಯುತ್ತಾರೆ ಪುಣ್ಯಾತ್ಮರು. ಒಂದೇ ಸಲ ಸರ್‍ರನೆ ಎಳೆದಿದ್ದರೆ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತಿತ್ತು.

1912ರಲ್ಲಿ ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆದ ರಿಚರ್ಡ್ ಶಿರ್‌ಮನ್ ಶಾಲಾ ಮಾಸ್ತರರು. ಕಾಲ್ನಡಿಗೆಯ ಪ್ರವಾಸ ಹೊರಟ ಮಕ್ಕಳಿಗೆ ರಾತ್ರಿ ತಂಗಲು ಜಾಗ ಬೇಕೆಂದು ಅವರು ಹೊರಟದ್ದು. ಹಗಲೆಲ್ಲ ನಡೆದ ಮಕ್ಕಳು ಎಲ್ಲಿ ಮಲಗಿಸಿದರೂ ನಿದ್ದೆ ಹೋಗುತ್ತವೆ. ನಾನು ಆ ಮಕ್ಕಳ ಪೈಕಿ ಅಲ್ಲ.

ನನ್ನ ಪಟ್ಟಿಯಲ್ಲಿ ಇನ್ನೂ ಇವೆ: ಎಷ್ಟು ದೇಶ ಮುಗಿಸಿದೆ ಎಂದು ಲೆಕ್ಕ ಒಪ್ಪಿಸುವವರು, ಒಂದೇ ರಾತ್ರಿಯ ತಂಗುವಿಕೆ, ಗೈಡು ಎತ್ತಿ ಹಿಡಿದ ಛತ್ರಿಯ ಹಿಂದೆ ಸಾಲಾಗಿ ನಡೆಯುವುದು, ಕತ್ತಲಾದ ಮೇಲೆ ಹೊಸ ಊರಿಗೆ ಕಾಲಿಡುವುದು.

ಪಟ್ಟಿ ಆಯಿತೆಂದರೆ ಅರ್ಧ ಕೆಲಸ. ಇನ್ನು ಅದನ್ನು ಜರಡಿ ಹಿಡಿಯಬೇಕು. ಮೊದಲು ಶರೀರದ ತಕರಾರುಗಳನ್ನು ಬೇರೆ ಮಾಡಿ: ನಿದ್ದೆ, ಚಳಿ, ಸೆಕೆ, ಗದ್ದಲ, ಎತ್ತರ. ಇವುಗಳ ಜೊತೆ ವಾದಕ್ಕೆ ನಿಲ್ಲಬೇಡಿ. ಅಲ್ಲಿ ಹೋದ ಮೇಲೆ ಅಭ್ಯಾಸವಾಗುತ್ತದೆ ಎಂದು ಸಮಾಧಾನ ಹೇಳಿಕೊಂಡು ಹೋದರೆ, ಅಭ್ಯಾಸವಾಗುವ ಹೊತ್ತಿಗೆ ವಾಪಸು ಬರುವ ದಿನ ಬಂದಿರುತ್ತದೆ. ಎತ್ತರದ ವಿಷಯವನ್ನೇ ನೋಡಿ. ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು, ಜಿಮ್‌ನಲ್ಲಿ ಮೈ ಹುರಿಗೊಳಿಸಿದವರಿಗೂ. 3,000 ಮೀಟರ್ ಆದಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು ಎಂದು ವೈದ್ಯರು ಹೇಳುವುದು ಅದಕ್ಕೇ. ಸುಮ್ಮನೆ ಕೂರುವುದು ನಿಮಗೆ ಆಗದ ಮಾತಾದರೆ ಆ ದಾರಿ ನಿಮ್ಮದಲ್ಲ, ಬೆಟ್ಟ ಎಷ್ಟೇ ಇಷ್ಟವಿರಲಿ. ವಿಮಾನದಲ್ಲಿ ಪೂರ್ವಕ್ಕೆ ಹೋದರೆ ನಿದ್ದೆ ಹಳಿಗೆ ಬರಲು ಒಂದು ಗಂಟೆಯ ಸಮಯ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ನಿದ್ದೆಗೆಟ್ಟರೆ ನಾನು ಮನುಷ್ಯಳಲ್ಲ, ಹಾಗಾಗಿ ಮೊದಲ ದಿನಗಳಿಗೆ ಏನನ್ನೂ ಮುಂಗಡ ಬುಕ್ ಮಾಡುವುದಿಲ್ಲ. ದುಡ್ಡು ಖರ್ಚು ಮಾಡಬೇಕಾದ ಜಾಗವೂ ಇದೇ. ಊಟದಲ್ಲಿ, ಟಿಕೆಟ್‌ನಲ್ಲಿ ಹಿಡಿದು ಹಿಡಿದು ಉಳಿಸಿದ್ದನ್ನು ವಾರಕ್ಕೊಂದೆರಡು ರಾತ್ರಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗೆ ಕೊಡುತ್ತೇನೆ. ನಿಜವಾದ ಬ್ಯಾಕ್‌ಪ್ಯಾಕರ್ ಹಾಗೆ ಮಾಡುವುದಿಲ್ಲ ಎಂದು ಮೂಗು ಮುರಿದವರುಂಟು. ಮುರಿಯಲಿ.

ಇನ್ನು ಕೆಲವು ತಕರಾರುಗಳು ಆ ಹೊತ್ತಿನವು ಅಷ್ಟೆ. ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು 1960ರಲ್ಲಿ ಕಲ್ಚರ್ ಶಾಕ್ ಬಗ್ಗೆ, ಅಂದರೆ ಪರದೇಶದ ರೀತಿನೀತಿಗೆ ತಬ್ಬಿಬ್ಬಾಗುವುದರ ಬಗ್ಗೆ ಬರೆಯುತ್ತ ಅದರ ಹಂತಗಳನ್ನು ಗುರುತಿಸಿದ್ದರು: ಮೊದಲು ಎಲ್ಲ ಚೆಂದ, ಆಮೇಲೆ ಎಲ್ಲಕ್ಕೂ ಸಿಡಿಮಿಡಿ, ನಿಧಾನಕ್ಕೆ ಹೊಂದಾಣಿಕೆ. ಎರಡನೆಯ ಹಂತದಲ್ಲಿ ಕುಳಿತು ಬರೆದ ಪಟ್ಟಿಯಲ್ಲಿ ಆ ದೇಶದ ಟ್ರಾಫಿಕ್ಕು, ಕ್ಯೂ, ಜನರ ದನಿ ಎಲ್ಲವೂ ಸೇರಿಕೊಂಡಿರುತ್ತವೆ. ಪ್ರತಿ ತಕರಾರಿನ ಪಕ್ಕ ತಾರೀಕು ಹಾಕಿಡಿ. ಬೇರೆ ದೇಶದಲ್ಲಿ, ಹೊಟ್ಟೆ ತುಂಬಿದ್ದು ನಿದ್ದೆ ಚೆನ್ನಾಗಿ ಆದ ದಿನವೂ ಅದೇ ತಕರಾರು ಎದ್ದರೆ ಅದು ನಿಮ್ಮದು. ಇಲ್ಲದಿದ್ದರೆ ಹೊಡೆದು ಹಾಕಿ.

ಬೇರೆಯವರಿಂದ ಅಂಟಿಕೊಂಡವೂ ಇರುತ್ತವೆ. ಹೆಸರುವಾಸಿ ಜಾಗವೆಂದರೆ ಬ್ಯಾಕ್‌ಪ್ಯಾಕರುಗಳಿಗೆ ಅಲರ್ಜಿ. ಅದನ್ನು ಹೇಳಿಕೊಳ್ಳುವುದೂ ಒಂದು ಶೋಕಿ. ಹೆಸರು ಬಂದದ್ದು ಸುಮ್ಮನೆ ಅಲ್ಲವಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಲ್ಲಿ, ಟೂರ್ ಬಸ್ಸುಗಳು ಬರುವಷ್ಟರಲ್ಲಿ ಹೊರಗೆ ಬನ್ನಿ. ಆಮೇಲೂ ಇಷ್ಟವಾಗದಿದ್ದರೆ ಧಾರಾಳವಾಗಿ ಬೈಯಿರಿ.

ಈಗ ಇಷ್ಟಗಳಿಗೆ ಬರೋಣ. ಇಲ್ಲಿ ನನ್ನದೊಂದು ಕಟ್ಟುನಿಟ್ಟು ಇದೆ. ಪ್ರಯಾಣದಲ್ಲಿ ಪ್ರತಿ ರಾತ್ರಿ ಮೂರು ಸಾಲು ಬರೆಯಿರಿ: ಇವತ್ತು ಮನಸ್ಸು ಹಗುರಾಗಿದ್ದ ಹೊತ್ತು ಯಾವುದು, ಆಗ ಏನು ಮಾಡುತ್ತಿದ್ದಿರಿ, ಪಕ್ಕದಲ್ಲಿ ಯಾರಿದ್ದರು. ಜಾಗದ ಹೆಸರು ಬರೆಯಕೂಡದು. ಹೆಸರು ಕಂಡರೆ ಮನಸ್ಸು ಅದರ ಖ್ಯಾತಿಗೆ ತಕ್ಕಂತೆ ಸಂತೋಷವನ್ನು ಹಿಗ್ಗಿಸುತ್ತದೆ. ಆ ರಾತ್ರಿಯೇ ಬರೆಯಬೇಕು, ಊರಿಗೆ ಬಂದ ಮೇಲಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸಾಕ್ಷಿ. ಜನರ ಕೈಯನ್ನು ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಇರಿಸಿದರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡ್ ಸೇರಿಸಿ, ನೀರನ್ನು 15 ಡಿಗ್ರಿಗೆ ಏರಿಸಿದರು. ಮತ್ತೆ ಯಾವುದಕ್ಕೆ ಕೈ ಹಾಕುತ್ತೀರಿ ಎಂದಾಗ ಹೆಚ್ಚಿನವರು ಆರಿಸಿಕೊಂಡದ್ದು ಎರಡನೆಯದನ್ನು. ಚಳಿ ಅನುಭವಿಸಿದ್ದು ಜಾಸ್ತಿ, ಆದರೆ ಮುಗಿದದ್ದು ಸ್ವಲ್ಪ ಹಿತವಾಗಿ. ಪ್ರವಾಸದ ನೆನಪೂ ಇದೇ ಜಾತಿಯದು. ಕೊನೆಯ ದಿನ ಚೆನ್ನಾಗಿದ್ದರೆ ನಡುವಿನ ಬೇಸರಗಳನ್ನೆಲ್ಲ ಮುಚ್ಚಿಹಾಕಿ ಮುಂದಿನ ಸಲ ಅದೇ ತಪ್ಪು ದಾರಿಗೆ ಕಳಿಸುತ್ತದೆ. (ಇದರಲ್ಲಿ ಲಾಭವೂ ಇದೆ. ಕೊನೆಯ ಎರಡು ದಿನಗಳಿಗೆ ಯಾವ ಓಡಾಟವನ್ನೂ ಇಟ್ಟುಕೊಳ್ಳಬೇಡಿ.)

ಕೆಲವು ವಾರಗಳ ಸಾಲುಗಳನ್ನು ಒಟ್ಟಿಗೆ ಓದಿ ನೋಡಿ. ನನ್ನವನ್ನು ಓದಿದಾಗ ಜಲಪಾತ, ಕೋಟೆ, ಸೂರ್ಯಾಸ್ತ ಅಷ್ಟಾಗಿ ಕಾಣಲೇ ಇಲ್ಲ. ಕಂಡದ್ದು ಬೆಳಗಿನ ಹೊತ್ತು, ಬಟ್ಟೆ ಒಗೆದು ತಾರಸಿಯ ಮೇಲೆ ಹರವಿ ಅದು ಒಣಗುವ ತನಕ ಕೆಳಗಿನ ಬೀದಿ ನೋಡುತ್ತ ಕೂತದ್ದು. ಹಿಂದಿನ ದಿನ ಕೂತಿದ್ದ ಬೆಂಚಿನಲ್ಲೇ ಮತ್ತೆ ಕೂತದ್ದು. ನಿನ್ನೆ ಏನೋ ಕೊಂಡ ಅಂಗಡಿಯವರು ಇವತ್ತು ತಲೆಯಾಡಿಸಿ ನಕ್ಕದ್ದು. ಅಂದರೆ ನನಗೆ ಬೇಕಾದದ್ದು ಹೊಸ ಜಾಗ ಅಲ್ಲ, ಹೊಸ ಜಾಗದ ಎರಡನೆಯ ದಿನ. ಅದು ತಿಳಿದ ಮೇಲೆ ಯೋಜನೆ ತನ್ನಷ್ಟಕ್ಕೇ ಆಗುತ್ತದೆ: ಎಲ್ಲೇ ಹೋದರೂ ಕನಿಷ್ಠ ಮೂರು ರಾತ್ರಿ, ಊರುಗಳ ಸಂಖ್ಯೆ ಅರ್ಧಕ್ಕೆ ಇಳಿಕೆ.

ನಿಮ್ಮ ಸಾಲುಗಳು ಬೇರೆಯೇ ಹೇಳಬಹುದು. ಕಿಟಕಿ ಪಕ್ಕ ಕೂತದ್ದೇ ಮತ್ತೆ ಮತ್ತೆ ಬಂದಿದ್ದರೆ ಮಾಸ್ಕೋದಿಂದ ವ್ಲಾಡಿವಸ್ತೋಕ್‌ವರೆಗಿನ 9,289 ಕಿಲೋಮೀಟರ್ ರೈಲುದಾರಿ ನಿಮಗೆ ಸ್ವರ್ಗ. ಹೆಚ್ಚುಕಡಿಮೆ ಒಂದು ವಾರ, ಹೊರಗೆ ಬರ್ಚ್ ಮರಗಳು, ಮತ್ತೆ ಬರ್ಚ್ ಮರಗಳು. ನಡೆದದ್ದೇ ಬಂದಿದ್ದರೆ ಆ ರೈಲು ಸೆರೆಮನೆ; ನಿಮಗೆ ಸ್ಪೇನಿನ ಸಾಂತಿಯಾಗೊ ಯಾತ್ರೆಯ ಹಾದಿ ಸರಿ. ಅಲ್ಲಿ ಕೊನೆಯ 100 ಕಿಲೋಮೀಟರ್ ನಡೆದವರಿಗೂ ಪ್ರಮಾಣಪತ್ರ ಕೊಡುತ್ತಾರೆ, ಹಾಗಾಗಿ ಇಡೀ ಹಾದಿ ಮುಗಿಸುವ ಹಟ ಬೇಕಾಗಿಲ್ಲ.

ಕೊನೆಗೆ, ಹೋಗುವುದಾದರೂ ಯಾಕೆ? ದೇಶ ಸುತ್ತು, ಕೋಶ ಓದು ಎಂಬ ಗಾದೆ ಹೇಳಿ ತಪ್ಪಿಸಿಕೊಳ್ಳಬೇಡಿ. ಪ್ರವಾಸದ ಅಧ್ಯಯನ ಮಾಡುವವರು 1977ರಿಂದ, ಅಂದರೆ ಗ್ರಹಾಂ ಡ್ಯಾನ್ ಅವರ ಲೇಖನದ ಕಾಲದಿಂದ, ಮನೆಯಿಂದ ಹೊರಗೆ ದಬ್ಬುವ ಕಾರಣ ಬೇರೆ, ಒಂದು ಜಾಗದತ್ತ ಎಳೆಯುವ ಕಾರಣ ಬೇರೆ ಎಂದು ವಿಂಗಡಿಸುತ್ತ ಬಂದಿದ್ದಾರೆ. ನೀವೂ ಪುಟದ ನಡುವೆ ಗೆರೆ ಎಳೆದು ಎರಡನ್ನೂ ಬರೆಯಿರಿ. ದಬ್ಬುವ ಕಾರಣ ಇದ್ದರೆ ನಾಚಿಕೆಪಡಬೇಕಿಲ್ಲ. ಕೆಲಸ ಸಾಕಾಗಿದೆ, ಮನೆಯಲ್ಲಿ ಕಿರಿಕಿರಿ, ಮದುವೆ ಯಾವಾಗ ಎಂದು ಕೇಳುವವರಿಂದ ದೂರ ಇರಬೇಕು, ಎಲ್ಲವೂ ನ್ಯಾಯವೇ. ಆದರೆ ಎಳೆಯುವ ಕಾಲಂ ಖಾಲಿ ಇದ್ದರೆ ಲೋಕ ಸುತ್ತುವ ದೊಡ್ಡ ಯೋಜನೆ ಬೇಡ. ಹತ್ತಿರದ, ಅಗ್ಗದ ಒಂದೇ ಜಾಗಕ್ಕೆ ಹೋಗಿ ನಿದ್ದೆ ಮಾಡಿ.

ಎಳೆಯುವ ಕಾಲಂನಲ್ಲಿರುವ ಒಂದೊಂದನ್ನೂ ಹೀಗೆ ಕೇಳಿ: ಕ್ಯಾಮೆರಾ ಇಲ್ಲ, ಹೋಗಿಬಂದದ್ದನ್ನು ಯಾರಿಗೂ ಹೇಳುವಂತಿಲ್ಲ, ಆದರೂ ಹೋಗುತ್ತೀರಾ? ಒಂದು ಫೋಟೋದ ಆಸೆಗೆ ಎಷ್ಟು ಜನ ಮುಗಿಬೀಳುತ್ತಾರೆಂದರೆ, ಥಾಯ್ಲೆಂಡಿನ ಮಾಯಾ ಬೇ ಕಡಲತೀರವನ್ನು 2018ರ ಜೂನ್‌ನಲ್ಲಿ ಮುಚ್ಚಬೇಕಾಯಿತು. ಹವಳದ ದಿಬ್ಬಗಳು ಚೇತರಿಸಿಕೊಳ್ಳಲೆಂದು ಬಿಟ್ಟು, ಮತ್ತೆ ತೆರೆದದ್ದು 2022ರ ಜನವರಿಯಲ್ಲಿ, ಅದೂ ಜನರ ಸಂಖ್ಯೆಗೆ ಮಿತಿ ಹಾಕಿ. ನನ್ನ ಪಟ್ಟಿಗೂ ಈ ಪ್ರಶ್ನೆ ಹಾಕಿದಾಗ ಎಷ್ಟೋ ಹೆಸರುಗಳು ಉದುರುತ್ತವೆ. ಎಲ್ಲವೂ ಉದುರುವುದಿಲ್ಲ. ಜಂಬದ ಒಂದೆರಡನ್ನು ನಾನೇ ಬಿಟ್ಟುಕೊಂಡಿದ್ದೇನೆ. “ಒಬ್ಬಳೇ ಹೋಗಿದ್ಯಾ?” ಎಂದು ಯಾರಾದರೂ ಹುಬ್ಬೇರಿಸಿದಾಗ ಆಗುವ ಖುಷಿಯನ್ನು ಬಿಡುವಷ್ಟು ವೈರಾಗ್ಯ ನನಗಿಲ್ಲ.

ಬ್ಯಾಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳುವವರು ಬಹಳ ಇದ್ದಾರೆ. 40 ಲೀಟರಿನದು ಸಾಕು. ಭಾರ ಹೆಗಲ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರುವಂತೆ ಪಟ್ಟಿ ಬಿಗಿಯಿರಿ. ತುಂಬಿದ ಮೇಲೆ ಮೆಟ್ಟಿಲು ಹತ್ತಿ ಇಳಿದು ನೋಡಿ, ಬೇಡದ್ದು ಯಾವುದೆಂದು ಮೊಣಕಾಲೇ ಹೇಳುತ್ತದೆ.

ಜೊತೆಗೆ ಯಾರಾದರೂ ಬರುವುದಾದರೆ ಇಷ್ಟಗಳನ್ನು ಹೇಳಿಕೊಳ್ಳುತ್ತ ಕೂರಬೇಡಿ, ತಕರಾರಿನ ಪಟ್ಟಿಗಳನ್ನು ಅದಲುಬದಲು ಮಾಡಿಕೊಳ್ಳಿ. ಇಬ್ಬರಿಗೂ ಬೆಟ್ಟ ಇಷ್ಟವೆಂಬುದು ನಸುಕಿನ ಐದು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ. ಒಬ್ಬರಿಗೆ ಬೇಗ ಏಳುವುದು, ಇನ್ನೊಬ್ಬರಿಗೆ ಬಸ್ಸು ತಪ್ಪುವುದು ಆಗದು ಎಂಬುದು ಬರುತ್ತದೆ. ಎರಡು ಪಟ್ಟಿಗಳೂ ನೇರ ಡಿಕ್ಕಿ ಹೊಡೆಯುವ ಕಡೆ ಆ ದಿನಗಳನ್ನು ಬೇರೆ ಬೇರೆ ಕಳೆಯುವುದೆಂದು ಹೊರಡುವ ಮೊದಲೇ ಒಪ್ಪಿಕೊಳ್ಳಿ, ಸಂಜೆ ಎಲ್ಲಿ ಸೇರುವುದೆಂದು ಮಾತ್ರ ಗೊತ್ತಿರಲಿ. ಪಟ್ಟಿ ಕೇಳಿದಾಗ “ನಂದೇನೂ ಇಲ್ಲಪ್ಪ, ಎಲ್ಲಾದರೂ ಸೈ” ಎನ್ನುವವರ ಜೊತೆ ಮಾತ್ರ ಮೊದಲು ಒಂದೇ ಒಂದು ರಾತ್ರಿಯ ಪ್ರವಾಸ ಮಾಡಿ ನೋಡಿ, ಆಮೇಲೆ ಟಿಕೆಟ್ ತೆಗೆಸಿ.