ನೇರಳೆ ಟ್ಯೂಬಿನಿಂದ ಕೆಂಪು ಟ್ಯೂಬಿಗೆ

ನಮ್ಮ ಲ್ಯಾಬಿನ ಆ ರಿಪೋರ್ಟ್‌ನಲ್ಲಿ ಒಬ್ಬ ಅಜ್ಜನ ರಕ್ತದ ಪೊಟ್ಯಾಸಿಯಂ 8.4 ಅಂತ ಇತ್ತು. ಅದು 3.5ರಿಂದ 5.1ರ ಒಳಗೆ ಇರಬೇಕು. 8 ದಾಟಿದರೆ ಹೃದಯ ಯಾವ ಹೊತ್ತಿನಲ್ಲಾದರೂ ನಿಲ್ಲಬಹುದು. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಆ ಅಜ್ಜನನ್ನು ಆಂಬುಲೆನ್ಸ್‌ನಲ್ಲಿ ನಗರಕ್ಕೆ ಕಳಿಸಿದರು. ಎರಡು ಗಂಟೆ ದಾರಿ. ಅಲ್ಲಿ ಮತ್ತೆ ರಕ್ತ ತೆಗೆದು ನೋಡಿದರೆ 4.3.

ಅಜ್ಜನ ಮಗ ವಾಪಸ್ ಬಂದು ಎರಡೂ ರಿಪೋರ್ಟ್ ನನ್ನ ಮೇಜಿನ ಮೇಲಿಟ್ಟ. ಬಯ್ಯಲಿಲ್ಲ. "ಸಾರ್, ಇದರಲ್ಲಿ ಯಾವುದನ್ನ ನಂಬಲಿ?" ಅಂತಷ್ಟೇ ಕೇಳಿದ. ನನಗೆ ಮಾತೇ ಹೊರಡಲಿಲ್ಲ.

ನಮ್ಮದು ತಾಲ್ಲೂಕು ಊರಿನ ಸಣ್ಣ ಲ್ಯಾಬ್. ನಾನು, ಇಬ್ಬರು ಟೆಕ್ನಿಷಿಯನ್‌ಗಳು, ಒಂದು ಸೆಮಿ ಆಟೋ ಅನಲೈಸರ್, ಎಲೆಕ್ಟ್ರೋಲೈಟ್ ಮಷೀನ್ ಒಂದು, ಸೆಲ್ ಕೌಂಟರ್ ಒಂದು. ಮೊದಲು ನಾನು ಅನುಮಾನಪಟ್ಟಿದ್ದು ಮಷೀನನ್ನೇ. ಕಂಪನಿ ಇಂಜಿನಿಯರ್ ಬಂದು ನೋಡಿ, ಎಲ್ಲ ಸರಿ ಇದೆ ಅಂದರು. ಆಮೇಲೆ ಆ ದಿನದ ರಿಪೋರ್ಟನ್ನೇ ಇನ್ನೊಮ್ಮೆ ಓದಿದೆ. ಕ್ಯಾಲ್ಸಿಯಂ 4.9! ಅಷ್ಟು ಕಮ್ಮಿ ಇದ್ದವರು ನಡೆದುಕೊಂಡು ಬಂದು ರಕ್ತ ಕೊಡುವುದಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಕೂಡ ಪಾತಾಳಕ್ಕೆ ಇಳಿದಿತ್ತು.

ರಕ್ತ ತೆಗೆದ ಹುಡುಗಿಯನ್ನು ಕರೆದು ಕೇಳಿದೆ. "ಸರ್, ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲ. ಪಾಪ, ವಯಸ್ಸಾದವರು, ಇನ್ನೊಂದು ಸಲ ಚುಚ್ಚೋದು ಬೇಡ ಅಂತ ನೇರಳೆ ಟ್ಯೂಬಿಂದ ಸ್ವಲ್ಪ ಹಾಕಿದೆ" ಅಂದಳು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವುದು ಪೊಟ್ಯಾಸಿಯಂ ಇಡಿಟಿಎ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ರಾಸಾಯನಿಕ. ಅದು ಪೊಟ್ಯಾಸಿಯಂ ಸೇರಿಸುತ್ತದೆ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿದ್ದವನು ನಾನು.

ಮರುದಿನವೇ ರಕ್ತ ತೆಗೆಯುವ ಕುರ್ಚಿಯ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಮೊದಲು ಕೆಂಪು, ಆಮೇಲೆ ನೇರಳೆ, ಕೊನೆಗೆ ಬೂದು. ಒಂದು ಟ್ಯೂಬಿಂದ ಇನ್ನೊಂದಕ್ಕೆ ಸುರಿಯುವ ಹಾಗಿಲ್ಲ. ಪೊಟ್ಯಾಸಿಯಂ 6 ದಾಟಿದರೆ ಕ್ಯಾಲ್ಸಿಯಂ ನೋಡಬೇಕು, ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ) ಕೆಂಪಗಿದೆಯಾ, ಅಂದರೆ ಕೆಂಪು ಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿದೆಯಾ ನೋಡಬೇಕು, ಹೊಸದಾಗಿ ರಕ್ತ ತರಿಸಿ ಇನ್ನೊಮ್ಮೆ ಮಾಡಬೇಕು. ಸ್ಯಾಂಪಲ್ ವಾಪಸ್ ಕಳಿಸಿದರೆ ಬರೆಯಲು ಒಂದು ಬೇರೆ ಪುಸ್ತಕ ಇಟ್ಟೆ. ಮೊದಲ ತಿಂಗಳು ಆ ಪುಸ್ತಕ ತುಂಬಿದ ವೇಗ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಇವೆಲ್ಲ ಮೊದಲೂ ಬರುತ್ತಿದ್ದವು, ಅಲ್ವಾ? ನಾವು ರಿಪೋರ್ಟ್ ಕೊಡುತ್ತಲೇ ಇದ್ದೆವು.

ಹಳ್ಳಿಯ ಕಲೆಕ್ಷನ್ ಸೆಂಟರ್‌ನಿಂದ ಬರುವ ಸಕ್ಕರೆ ಸ್ಯಾಂಪಲ್‌ನದು ಇನ್ನೊಂದು ಕತೆ. ಕೆಂಪು ಟ್ಯೂಬಿನಲ್ಲಿ ರಕ್ತ ಮೂರು ಗಂಟೆ ಸುಮ್ನೆ ಕೂತಿದ್ದರೆ ಅದರಲ್ಲಿರುವ ಕಣಗಳೇ ಗ್ಲೂಕೋಸ್ ತಿಂದುಹಾಕುತ್ತವೆ. ಗಂಟೆಗೆ ಹೆಚ್ಚೂಕಮ್ಮಿ ನೂರಕ್ಕೆ 5ರಿಂದ 7ರಷ್ಟು ಇಳಿಯುತ್ತದೆ. ಹಾಗೆ ತಿನ್ನುವುದನ್ನು ತಡೆಯುವ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಕಳಿಸಿಕೊಟ್ಟ ಮೇಲೆ ಆ ತಕರಾರು ಕಮ್ಮಿಯಾಯಿತು.

ಆಮೇಲೆ ಕೈ ಹಾಕಿದ್ದು ಕಂಟ್ರೋಲ್‌ಗೆ. ಯಾವುದು ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಸೀರಮ್ ಅದು, ಮಷೀನ್ ಸರಿಯಾಗಿ ಓದುತ್ತಿದೆಯಾ ನೋಡಲು. ಪುಡಿಯಾಗಿ ಬರುತ್ತದೆ. ನಮ್ಮಲ್ಲಿ ಮೊದಲೂ ಇತ್ತು, ತಿಂಗಳಿಗೊಮ್ಮೆ ನೆನಪಾದಾಗ ಹಾಕುತ್ತಿದ್ದೆವು. ಅದಕ್ಕೆ 5 ಎಂಎಲ್ ನೀರನ್ನು ಸಿರಿಂಜಿನಲ್ಲಿ ಅಳೆದು ಹಾಕಿ ಜೋರಾಗಿ ಅಲ್ಲಾಡಿಸುತ್ತಿದ್ದೆವು. ಹಾಗೆ ಮಾಡಿದರೆ ಕಂಟ್ರೋಲೇ ತಪ್ಪು ಹೇಳುತ್ತದೆ. ಈಗ ಗಾಜಿನ ಪಿಪೆಟ್‌ನಲ್ಲಿ ಅಳೆದು, ಅರ್ಧ ಗಂಟೆ ಮುಟ್ಟದೆ ಬಿಟ್ಟು, ನೊರೆ ಬರದ ಹಾಗೆ ಮೆಲ್ಲಗೆ ತಿರುಗಿಸುತ್ತೇವೆ. ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಫ್ರೀಜರ್‌ನಲ್ಲಿಟ್ಟು, ದಿನಕ್ಕೊಂದು ತೆಗೆಯುತ್ತೇವೆ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡುವುದಿಲ್ಲ.

20 ದಿನದ ರೀಡಿಂಗ್ ಸೇರಿಸಿ ಸರಾಸರಿ ತೆಗೆದು, ಗ್ರಾಫ್ ಹಾಳೆಯಲ್ಲಿ ಲೆವಿ-ಜೆನ್ನಿಂಗ್ಸ್ ಚಾರ್ಟನ್ನು (ಕಂಟ್ರೋಲ್‌ನ ದಿನದಿನದ ಏರಿಳಿತ ತೋರಿಸುವ ನಕ್ಷೆ) ಪೆನ್ಸಿಲಿನಲ್ಲೇ ಬರೆದೆ. ನಡುವೆ ಸರಾಸರಿ ಗೆರೆ, ಮೇಲೆ ಕೆಳಗೆ ಒಂದು, ಎರಡು, ಮೂರು ಎಸ್‌ಡಿ (ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಳತೆ) ಗೆರೆಗಳು. ದಿನಕ್ಕೊಂದು ಚುಕ್ಕಿ. ಚುಕ್ಕಿ ಮೂರನೇ ಗೆರೆ ದಾಟಿದರೆ ಆ ಟೆಸ್ಟ್ ನಿಲ್ಲಿಸಬೇಕು. ಎರಡು ದಿನ ಸತತವಾಗಿ ಒಂದೇ ಕಡೆ ಎರಡನೇ ಗೆರೆ ದಾಟಿದರೂ ಅಷ್ಟೇ. ವೆಸ್ಟ್‌ಗಾರ್ಡ್ ನಿಯಮಗಳು ಅಂತ ಓದಿದ್ದು ಕಾಲೇಜಿನಲ್ಲಿ. ಕೈಯಾರೆ ಚುಕ್ಕಿ ಇಡಲು ಶುರು ಮಾಡಿದ ಮೇಲೇ ಅದು ತಲೆಗೆ ಹತ್ತಿದ್ದು.

ಎರಡನೇ ತಿಂಗಳು ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಲಿವರ್ ಟೆಸ್ಟ್‌ಗಳೆರಡರ ಚುಕ್ಕಿಗಳೂ ದಿನಾ ಸ್ವಲ್ಪ ಸ್ವಲ್ಪ ಕೆಳಗಿಳಿಯತೊಡಗಿದವು. ಗ್ಲೂಕೋಸ್, ಕ್ರಿಯಾಟಿನಿನ್ ಸರಿಯಾಗೇ ಇದ್ದವು. ರೀಏಜೆಂಟ್ (ಟೆಸ್ಟಿಗೆ ಬೆರೆಸುವ ದ್ರಾವಣ) ಬದಲಾಯಿಸಿದೆ, ಹೊಸ ಕಂಟ್ರೋಲ್ ಒಡೆದೆ, ಏನೂ ಆಗಲಿಲ್ಲ. ಒಂದು ಸಂಜೆ ಚಾರ್ಟ್‌ಗಳನ್ನು ಪಕ್ಕಪಕ್ಕ ಹಾಸಿಕೊಂಡು ಕೂತಾಗ ಹೊಳೆಯಿತು. ಇಳಿಯುತ್ತಿರುವ ಎರಡೂ 340 ನ್ಯಾನೊಮೀಟರ್ ಬೆಳಕಿನಲ್ಲಿ ಓದುವ ಟೆಸ್ಟ್‌ಗಳು. ಗ್ಲೂಕೋಸ್ ಓದುವುದು 505ರಲ್ಲಿ. ಮಷೀನಿನೊಳಗಿನ ಹ್ಯಾಲೋಜನ್ ಬಲ್ಬ್ ಹಳೆಯದಾದರೆ ಮೊದಲು ಸೊರಗುವುದು ಆ 340ರ ಕಡೆಯ ಬೆಳಕು. ಬಲ್ಬ್ ಬದಲಾಯಿಸಿದೆವು. ಮಾರನೇ ಬೆಳಿಗ್ಗೆ ಎರಡು ಚುಕ್ಕಿಗಳೂ ನಡುವಿನ ಗೆರೆಯ ಹತ್ತಿರ ಬಂದು ಕೂತವು. ಆ ಹಾಳೆಯನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಹಳೇ ಪದ್ಧತಿಯಲ್ಲೇ ಇದ್ದಿದ್ದರೆ, ಲಿವರ್ ಕೆಟ್ಟವರಿಗೂ ಚೆನ್ನಾಗಿದೆ ಅಂತ ರಿಪೋರ್ಟ್ ಕೊಟ್ಟು ಕಳಿಸುತ್ತಿದ್ದೆವೋ ಏನೋ.

ಫ್ರಿಜ್ ಪುಸ್ತಕದ ವಿಷಯವನ್ನೂ ಹೇಳಬೇಕು. ದಿನಾ ಎರಡು ಸಲ ತಾಪಮಾನ ಬರೆಯಬೇಕು, 2ರಿಂದ 8 ಡಿಗ್ರಿ ಒಳಗೆ ಇರಬೇಕು. ತಿಂಗಳ ಕೊನೆಗೆ ತೆಗೆದು ನೋಡಿದರೆ ಎಲ್ಲ ದಿನವೂ 4, ಎಲ್ಲ ಒಂದೇ ಪೆನ್ನಿನಲ್ಲಿ, ಬಾಗಿಲು ಹಾಕಿದ್ದ ಭಾನುವಾರವೂ 4. ನಾನು ಕೂಗಾಡಲಿಲ್ಲ. 11 ಡಿಗ್ರಿ ಬರೆದವರಿಗೆ ಬೈಗುಳ ಬೀಳುತ್ತದೆ ಅನ್ನುವ ಭಯ ಇದ್ದರೆ ಎಲ್ಲರೂ 4 ಅಂತಲೇ ಬರೆಯುತ್ತಾರೆ. ಕರೆಂಟ್ ಹೋಗಿ 11 ಆಗಿದ್ದರೆ 11 ಅಂತಲೇ ಬರೆಯಿರಿ, ಆಮೇಲೆ ಏನು ಮಾಡಬೇಕು ಅಂತ ಒಟ್ಟಿಗೆ ಯೋಚಿಸೋಣ ಅಂದೆ. ಮುಂದಿನ ವಾರ ಮೊದಲ ನಿಜವಾದ ಅಂಕಿ ಬಂತು, 9.5. ಬಾಗಿಲಿನ ರಬ್ಬರ್ ಸಡಿಲವಾಗಿತ್ತು.

ಈ ಧೈರ್ಯದ ಮೇಲೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಇಕ್ಯೂಎಎಸ್‌ಗೆ, ಅಂದರೆ ಲ್ಯಾಬ್‌ಗಳ ಗುಣಮಟ್ಟವನ್ನು ಹೊರಗಿನಿಂದ ಪರೀಕ್ಷಿಸುವ ಯೋಜನೆಗೆ ಸೇರಿದೆವು. ಅವರು ಕಳಿಸುವ ಸ್ಯಾಂಪಲ್ ಪರೀಕ್ಷೆ ಮಾಡಿ ಉತ್ತರ ಕಳಿಸಿದರೆ, ಬೇರೆ ಲ್ಯಾಬ್‌ಗಳ ಜೊತೆ ಹೋಲಿಸಿ ಹೇಳುತ್ತಾರೆ. ಆ ಸ್ಯಾಂಪಲನ್ನು ಮೂರು ಸಲ ಮಾಡಿ ಚೆನ್ನಾಗಿ ಬಂದದ್ದನ್ನು ಕಳಿಸುವ ಆಸೆ ಬಂದೇ ಬರುತ್ತದೆ. ನಾವು ಅದನ್ನು ರೋಗಿಗಳ ಟ್ಯೂಬುಗಳ ಸಾಲಿನಲ್ಲೇ ಇಟ್ಟು ಒಂದೇ ಸಲ ಮಾಡಿದೆವು. ಮೊದಲ ಬಾರಿ ಯೂರಿಕ್ ಆಸಿಡ್ ಕೆಟ್ಟದಾಗಿ ಬಂತು. ಕ್ಯಾಲಿಬ್ರೇಷನ್ (ಮಷೀನಿನ ಅಳತೆ ಹೊಂದಿಸುವುದು) ಹಳೆಯದಾಗಿತ್ತು.

ನಮ್ಮೂರಿನ ಪಶುವೈದ್ಯರು ಆಗಾಗ ಹಸುವಿನ ರಕ್ತ ತರುತ್ತಿದ್ದರು. ನಮ್ಮ ಸಾಫ್ಟ್‌ವೇರ್ ಹಸುವಿನ ಸಕ್ಕರೆ 58ರ ಮುಂದೆ ಕಮ್ಮಿ ಅಂತ ಗುರುತು ಹಾಕುತ್ತಿತ್ತು. ಅದು ಮನುಷ್ಯರ ಲೆಕ್ಕ. ಹಸುವಿಗೆ 45ರಿಂದ 75 ಇದ್ದರೆ ಸರಿ. ಆಡಿನ ರಕ್ತದಲ್ಲಂತೂ ಕೆಂಪು ಕಣ ಎಷ್ಟು ಚಿಕ್ಕದೆಂದರೆ, ಮನುಷ್ಯರ ರಕ್ತಕ್ಕೆ ಹೊಂದಿಸಿದ ಕೌಂಟರ್ ಅದನ್ನು ಪ್ಲೇಟ್‌ಲೆಟ್ ಅಂತ ಎಣಿಸಿಬಿಡುತ್ತದೆ. ಆಡಿನ ಕೌಂಟ್ ಕೊಡುವುದನ್ನೇ ನಿಲ್ಲಿಸಿ, ಸ್ಲೈಡ್ ಮೇಲೆ ರಕ್ತ ಹರಡಿ ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಕೊಡಲು ಶುರು ಮಾಡಿದೆವು.

ಅವರ ಪಶು ಲ್ಯಾಬಿಗೂ ಹೋಗಿ ಬಂದೆ. ಕಂದುರೋಗಕ್ಕೆ (ದನ ಕಂದು ಹಾಕುವ ಬ್ರೂಸೆಲ್ಲೋಸಿಸ್) ರೋಸ್ ಬೆಂಗಾಲ್ ಟೆಸ್ಟ್ ಮಾಡುತ್ತಿದ್ದರು. ಸೀರಮ್‌ಗೆ ಆಂಟಿಜನ್ ಅನ್ನುವ ಬಣ್ಣದ ದ್ರವದ ಹನಿ ಬೆರೆಸಿದಾಗ ಗಂಟು ಕಟ್ಟಿದರೆ ಪಾಸಿಟಿವ್. ಆಂಟಿಜನ್ ಫ್ರಿಜ್‌ನಿಂದ ತೆಗೆದ ತಕ್ಷಣ ಹನಿ ಹಾಕುತ್ತಿದ್ದರು, ಬೇರೆ ಕೆಲಸ ಮುಗಿಸಿ ಬಂದು ನೋಡುತ್ತಿದ್ದರು. ಅಷ್ಟರಲ್ಲಿ ಅಂಚು ಒಣಗಿ ಗಂಟು ಕಟ್ಟಿದ ಹಾಗೆ ಕಾಣುತ್ತಿತ್ತು. ಆಂಟಿಜನ್ ತಣ್ಣಗಿರಬಾರದು, ಸರಿಯಾಗಿ 4 ನಿಮಿಷಕ್ಕೆ ಓದಬೇಕು. ಗೋಡೆಗೆ ಒಂದು ಟೈಮರ್ ಹಾಕಿದೆವು. ರೋಗ ಇರುವ, ಇಲ್ಲದ ಎರಡು ಕಂಟ್ರೋಲ್ ಸೀರಮ್‌ಗಳನ್ನೂ ದಿನಾ ಜೊತೆಗೆ ಹಾಕುವುದು ಅಂತ ಮಾಡಿದೆವು. ಹನಿ ಹಾಕುವ ಕೈಗೆ ಗ್ಲೌಸ್ ಇರಲಿಲ್ಲ, ಅದನ್ನು ಅವತ್ತೇ ತರಿಸಿದೆ. ಈ ರೋಗ ಮನುಷ್ಯರಿಗೂ ಹತ್ತುತ್ತದೆ.

ಇನ್ನೂ ಸರಿಹೋಗದೆ ಉಳಿದಿರುವುದು ಸ್ಯಾಂಪಲ್ ಜೊತೆ ಬರುವ ಚೀಟಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದುರೋಗದ ಲಸಿಕೆ ಹಾಕುತ್ತಾರೆ. ಹಾಗೆ ಹಾಕಿಸಿಕೊಂಡ ಕರುವಿನ ರಕ್ತವೂ ಪಾಸಿಟಿವ್ ತೋರಿಸಬಹುದು. ಆದರೆ ಆ ಚೀಟಿಯಲ್ಲಿ ಲಸಿಕೆಯ ಮಾತೇ ಇರಲಿಲ್ಲ. ಕಿವಿಯೋಲೆಯ 12 ಅಂಕಿ, ವಯಸ್ಸು, ಲಸಿಕೆ ಹಾಕಿದ ತಾರೀಖು, ಇಷ್ಟು ಬರೆಯಲು ಜಾಗ ಇರುವ ಹೊಸ ಚೀಟಿ ಅಚ್ಚು ಹಾಕಿಸಿದೆವು. ಅರ್ಧದಷ್ಟು ಈಗಲೂ ಖಾಲಿ ಬರುತ್ತವೆ. ಪಶುವೈದ್ಯರು ಒಂದೊಂದಕ್ಕೂ ರೈತರಿಗೆ ಫೋನ್ ಮಾಡಿ, ಕೇಳಿ ಬರೆದುಕೊಂಡೇ ಟೆಸ್ಟಿಗೆ ಕೂರುತ್ತಾರೆ.