ಹೀರೇಬಳ್ಳಿಗೆ ಕಡಜ, ಗೆಣಸಿನ ಹೊಲಕ್ಕೆ ಹಂದಿ: ಖಾನಾಪುರದ ಕಡೆ ನಾನು ಮಾಡಿಕೊಂಡ ವ್ಯವಸ್ಥೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಪಡುವಣಕ್ಕೆ ಹೋದಂತೆಲ್ಲ ಹೊಲದ ಬದು ಎಲ್ಲಿ ಮುಗಿಯಿತು, ಅಡವಿ ಎಲ್ಲಿ ಶುರುವಾಯಿತು ಹೇಳುವುದು ಕಷ್ಟ. ಇಂಥ ಕಡೆ ಮನೆ ಹಿಂದೆ ಹತ್ತು ಗುಂಟೆ ಕಾಯಿಪಲ್ಲೆ, ಅದರಾಚೆ ಒಂದೆಕರೆ ಗೆಣಸು, ಶೇಂಗಾ ಇಟ್ಟುಕೊಂಡರೆ ಹಗಲಿಗೆ ಕಡಜ, ಮಂಗ್ಯಾ, ನವಿಲು; ರಾತ್ರಿಗೆ ಹಂದಿ, ಮುಳ್ಳಹಂದಿ; ಅಪರೂಪಕ್ಕೆ ಕಾಡುಕೋಣ, ಕರಡಿ. ಬೇಲಿಗೆ, ಔಷಧಕ್ಕೆ ರೊಕ್ಕ ಹಾಕುವ ಮೊದಲು ನಾನು ನೋಡುವುದು ಒಂದೇ: ಅದು ನಮ್ಮಲ್ಲಿ ಏನು ಹುಡುಕಿಕೊಂಡು ಬಂತು? ಅದನ್ನು ತೆಗೆದರೆ ಅರ್ಧ ಕೆಲಸ ತಂತಿ ಇಲ್ಲದೇ ಆಗುತ್ತದೆ.

ಹಾಗಾಗಿ ದಿನಾ ಸಂಜೆ, ಬೆಳಕು ಇರುವಾಗಲೇ, ಬಕೆಟ್ ಹಿಡಿದು ಪೇರಲ, ಚಿಕ್ಕು, ಹಲಸಿನ ಬುಡ ಸುತ್ತುತ್ತೇನೆ. ಉದುರಿದ್ದು, ಬಿರಿದದ್ದು, ಹಕ್ಕಿ ಕುಕ್ಕಿದ್ದು ಎಲ್ಲ ಬಕೆಟ್ಟಿಗೆ. ಅದನ್ನು ತಿಪ್ಪೆಗೆ ಒಗೆಯುವುದಿಲ್ಲ. ಬೇಲಿ ಒಳಗೆ ಎರಡು ಫೂಟು ಆಳದ ತಗ್ಗು ಇದೆ. ಹಾಕಿ, ಒಣ ಎಲೆ ಮುಚ್ಚಿ, ಮೇಲೆ ಫರಸಿ ಎಳೆಯುತ್ತೇನೆ. ಬಿರಿದ ಪೇರಲಕ್ಕೆ ಕಡಜ ಮುತ್ತುತ್ತದೆ, ಹಲಸಿನ ವಾಸನೆಗೆ ಕರಡಿ ಬರುತ್ತದೆ, ತಿಪ್ಪೆಯಲ್ಲಿ ಕೊಳೆತದ್ದಕ್ಕೆ ಹಂದಿ. ಹಣ್ಣು ಕೀಳುವುದೂ ಬೆಳಿಗ್ಗೆ ತಂಪಿನಲ್ಲೇ, ಕಡಜ ಇನ್ನೂ ಚುರುಕಾಗದ ಹೊತ್ತಿನಲ್ಲಿ.

ಬೇಸಿಗೆಯಲ್ಲಿ ಇನ್ನೊಂದು ಕಾರಣ ನೀರು. ಸೂರಿನ ಗೂಡು ಕಾಯ್ದರೆ ಕಡಜ ನೀರು ತಂದು ಗೂಡಿಗೆ ಹಚ್ಚಿ ರೆಕ್ಕೆಯಿಂದ ಗಾಳಿ ಹಾಕುತ್ತದೆ. ಸೋರುವ ನಳ, ಬಟ್ಟೆ ಒಗೆಯುವ ಕಲ್ಲು ಅವಕ್ಕೆ ಬಾವಿ ಇದ್ದಂತೆ. ಮೊದಲು ನಳದ ವಾಯಸರ್ ಬದಲಿಸಬೇಕು. ಆಮೇಲೆ ಮನೆಯಿಂದ ಮೂವತ್ತು ಫೂಟು ದೂರ, ನೆರಳಿನಲ್ಲಿ, ಅಗಲ ಪರಾತದಲ್ಲಿ ಹರಳು ಹಾಕಿ, ಹರಳಿನ ತಲೆ ಮುಳುಗದಷ್ಟು ನೀರು ಇಡಬೇಕು. ಕ್ರಮ ತಪ್ಪಿಸಬೇಡಿ. ಸೋರುವ ನಳ ಹಾಗೇ ಬಿಟ್ಟು ಪರಾತ ಇಟ್ಟರೆ ಎರಡೂ ಕಡೆ ಬರುತ್ತವೆ.

ಕಡಜ ಅಂದರೆ ಎಲ್ಲವೂ ಒಂದೇ ಅಂತ ಬೆಂಕಿ ಹಿಡಿಯುವವರೇ ಹೆಚ್ಚು. ನೋಡಿ ಗುರುತಿಸಲು ಐದು ನಿಮಿಷ ಸಾಕು. ಗೋಡೆ ಮೂಲೆಯಲ್ಲಿ ಮಣ್ಣಿನ ಪುಟ್ಟ ಗಡಿಗೆ ಕಟ್ಟುವ ಕುಂಬಾರ ಹುಳು ಒಂಟಿ. ಗಡಿಗೆಯೊಳಗೆ ತನ್ನ ಮರಿಗೆ ಅಂತ ಕೀಡೆ ತುಂಬುತ್ತದೆ. ಇದರ ಅಣ್ಣತಮ್ಮನಂತಿರುವ, ಮಣ್ಣಿನ ಮುದ್ದೆ ಮೆತ್ತುವ ಹುಳು ಜೇಡ ತುಂಬುತ್ತದೆ. ಎರಡೂ ಗೂಡು ಕಾಯಲು ಮನುಷ್ಯರ ಮೇಲೆ ಏರಿ ಬರುವುದಿಲ್ಲ. ಅವನ್ನು ಮುಟ್ಟುವ ಕಾರಣವೇ ಇಲ್ಲ.

ಎರಡನೆಯದು ಸೂರಿನಡಿ, ಪತ್ರಾಸಿನ ಅಂಚಿಗೆ ಒಂದೇ ಕಡ್ಡಿಯಂಥ ಕಾಲಿನಿಂದ ತೂಗುವ ಬಯಲು ಗೂಡು. ಕೆಳಗಿನಿಂದ ನೋಡಿದರೆ ಆರು ಮೂಲೆಯ ಕೋಣೆಗಳು ಕಾಣುತ್ತವೆ. ಇವುಗಳಲ್ಲಿ ಒಂದು ಕಂದು ಜಾತಿ, ರೋಪಾಲಿಡಿಯಾ ಮಾರ್ಜಿನೇಟಾ, ನಮ್ಮ ಸೀಮೆಯಲ್ಲಿ ಬಹಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಟ್ಟಲೆ ಅಭ್ಯಾಸ ಮಾಡಿದ್ದು ಇದನ್ನೇ. ತೋಟ ಮಾಡುವವರು ಇದರಿಂದ ತಿಳಿಯಬೇಕಾದ ಮಾತು: ಚಳಿ ದೇಶದ ಕಡಜದ ಹಾಗೆ ಇದು ಚಳಿಗೆ ಗೂಡು ಮುಗಿಸಿ ಹೋಗುವುದಿಲ್ಲ, ವರ್ಷದ ಯಾವ ತಿಂಗಳಲ್ಲೂ ಹೊಸ ಗೂಡು ಇಡುತ್ತದೆ. ಚಳಿಗಾಲದವರೆಗೆ ತಡೆಯಿರಿ ಎಂಬ ಪರದೇಶದ ಸಲಹೆ ನಮ್ಮಲ್ಲಿ ನಡೆಯದು.

ಇದು ಹೀರೇಬಳ್ಳಿಯ ಮೇಲೆ ಮಾಡುವ ಕೆಲಸವನ್ನು ಒಮ್ಮೆ ಕೂತು ನೋಡಬೇಕು. ಎಲೆಯ ಅಂಚಿನಿಂದ ಅಂಚಿಗೆ ನಡೆಯುತ್ತ ಮೀಸೆಯಿಂದ ತಡಕುತ್ತದೆ. ಹಸಿರು ಕೀಡೆ ಸಿಕ್ಕಿತೋ, ಬಾಯಿಂದ ಹಿಡಿದು ಜಗಿದು ಸಾಸಿವೆಗಿಂತ ದೊಡ್ಡದೊಂದು ಉಂಡೆ ಮಾಡಿ, ಮುಂಗಾಲಲ್ಲಿ ತಿರುಗಿಸಿ ತಿರುಗಿಸಿ ಬಿಗಿ ಮಾಡಿ ಗೂಡಿಗೆ ಹಾರುತ್ತದೆ. ಆ ಮಾಂಸ ಮರಿಗಳಿಗೆ. ದಿನವಿಡೀ ಇದೇ ಓಡಾಟ. ಕೋಸು, ಹೀರೆಕಾಯಿಗೆ ವಿಷದ ಔಷಧ ಹೊಡೆದರೆ ಕೀಡೆಯ ಜೊತೆ ಈ ಆಳೂ ಸಾಯುತ್ತದೆ. ಕೀಡೆ ಬೇಗ ತಿರುಗಿ ಬರುತ್ತದೆ, ಕಡಜ ಬರುವುದಿಲ್ಲ. ತೀರಾ ಬೇಕಾದರೆ ಬೇವಿನೆಣ್ಣೆ, ಲೀಟರ್ ನೀರಿಗೆ ಐದು ಎಂಎಲ್, ಸ್ವಲ್ಪ ಸಾಬೂನು ಕಲಸಿ, ಹೊತ್ತು ಮುಳುಗಿದ ಮೇಲೆ ಎಲೆಯ ಅಡಿಗೆ ಹೊಡೆಯುತ್ತೇನೆ. ಮಡಿಯ ಪಕ್ಕ ಬಣ್ಣ ಬಳಿಯದ ಒಣ ಬಿದಿರಿನ ಗಳ ಎರಡು ನಿಲ್ಲಿಸಿದ್ದೇನೆ. ಗೂಡಿನ ಕಾಗದಕ್ಕೆ ಅವು ಕಟ್ಟಿಗೆಯ ನಾರು ಕೆರೆಯುವುದು ಅಂಥದ್ದರಿಂದಲೇ. ಕೆರೆದ ಕಡೆ ಬಿಳಿ ಗೆರೆ ಕಾಣುತ್ತದೆ.

ಗೂಡು ಎಲ್ಲಿರಬಹುದು ಎಂಬುದಕ್ಕೆ ನನ್ನ ಲೆಕ್ಕ ಇಷ್ಟೇ: ಜನ ಓಡಾಡದ ಕಡೆ, ಹತ್ತು ಫೂಟಿಗಿಂತ ಮೇಲೆ ಇದ್ದರೆ ಇರಲಿ. ಬಾಗಿಲ ಚೌಕಟ್ಟು, ಪಂಪಿನ ಸ್ವಿಚ್ ಪೆಟ್ಟಿಗೆ, ಮಕ್ಕಳ ಜೋಕಾಲಿ, ದನದ ಗೋದಲಿ, ಇಲ್ಲಿ ಬೇಡ. ಅದಕ್ಕೆ ಎಂಟು ದಿನಕ್ಕೊಮ್ಮೆ ಈ ಜಾಗ ನೋಡುತ್ತೇನೆ. ಒಂದೇ ಹುಳು, ಐದಾರು ಕೋಣೆ ಇರುವಾಗ ಕೆಲಸ ಸುಲಭ. ಅದು ಮೇಯಲು ಹೋದಾಗ ಉದ್ದ ಕಡ್ಡಿಯಿಂದ ಗೂಡು ಬೀಳಿಸಿ, ಕಾಲಿನ ಬುಡವನ್ನು ಪೂರ್ತಿ ಕೆರೆದು, ಅಲ್ಲಿ ಎಣ್ಣೆ ಸವರುತ್ತೇನೆ. ಬುಡ ಕೆರೆಯದೇ ಬಿಟ್ಟರೆ ಅಲ್ಲೇ ಮತ್ತೆ ಶುರು. ಇಪ್ಪತ್ತು ಮೂವತ್ತು ಹುಳು ಕೂತ ಗೂಡಿಗೆ ಈ ಉಪಾಯ ಹೂಡಬೇಡಿ.

ಮೂರನೆಯದು ದೊಡ್ಡ ಕಡಜ: ಕರೀ ಮೈ, ಹೊಟ್ಟೆಗೆ ಹಳದಿ ಪಟ್ಟಿ. ಒಂದು ಜಾತಿ ಮರದಲ್ಲಿ ಕಾಗದದ ದೊಡ್ಡ ಚೆಂಡು ಕಟ್ಟುತ್ತದೆ, ಇನ್ನೊಂದು ನೆಲದ ಬಿಲ, ಪೊಟರೆ ಸೇರುತ್ತದೆ. ಇವಕ್ಕೆ ಸದ್ದಿಗಿಂತ ನಡುಕ ತಾಗುತ್ತದೆ. ಬ್ರಷ್‌ಕಟರ್ ಚಾಲೂ ಮಾಡುವ ಮೊದಲು ಆ ಜಾಗವನ್ನು ದೂರ ನಿಂತು ಐದು ನಿಮಿಷ ನೋಡುತ್ತೇನೆ. ಒಂದೇ ಕಿಂಡಿಗೆ ಹುಳು ಸಾಲಾಗಿ ಹೋಗಿ ಬಂದರೆ ಸುತ್ತ ಮೂವತ್ತು ಫೂಟಿಗೆ ಗೂಟ ಬಡಿದು ಕೆಂಪು ಅರಿವೆ ಕಟ್ಟಿ, ಹುಲ್ಲು ಹಾಗೇ ಬಿಡುತ್ತೇನೆ. ಘಾಸ್ಲೇಟು ಸುರಿದು ಬೆಂಕಿ ಹಚ್ಚಿದರೆ ಹೊರಗೆ ಹೋದ ಹುಳುಗಳು ತಿರುಗಿ ಬಂದು ದಿನಗಟ್ಟಲೆ ಅಲ್ಲೇ ಸುತ್ತುತ್ತವೆ, ಒಣ ಹುಲ್ಲಿಗೆ ಬೆಂಕಿ ಹೊತ್ತಿದರೆ ಅಡವಿಗೂ ತಗಲುತ್ತದೆ.

ಕಡಿದಾಗ: ಮುಖ ಮುಚ್ಚಿಕೊಂಡು ಸೀದಾ ಮನೆಯೊಳಗೆ ಅಥವಾ ದೂರಕ್ಕೆ. ಕೂತ ಹುಳುವನ್ನು ಅಲ್ಲೇ ಜಜ್ಜಿದರೆ ಆ ವಾಸನೆಗೆ ಉಳಿದವೂ ಏಳುತ್ತವೆ. ಜೇನಿನ ಹಾಗೆ ಕಡಜ ಮುಳ್ಳು ಬಿಟ್ಟು ಹೋಗುವುದಿಲ್ಲ, ಒಂದೇ ಹುಳು ಮೇಲಿಂದ ಮೇಲೆ ಕಡಿಯಬಲ್ಲದು. ಸಾಬೂನು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಬರ್ಫ ಸುತ್ತಿ ಇಡಿ. ಬೆರಳಿಗೆ ಕಡಿದಿದ್ದರೆ ಬಾವು ಬರುವ ಮೊದಲೇ ಉಂಗುರ ತೆಗೆಯಿರಿ. ತುಟಿ, ನಾಲಿಗೆ ಊದಿದರೆ, ಮೈತುಂಬ ದದ್ದು ಎದ್ದರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಹಚ್ಚಿ, ನಿಮಿಷವೂ ಕಾಯಬೇಡಿ. ಹತ್ತಾರು ಕಡೆ ಕಡಿದಿದ್ದರೆ ಆರಾಮ ಇದ್ದಂತೆ ಕಂಡರೂ ದವಾಖಾನೆಗೆ ಹೋಗಲೇಬೇಕು. ಆ ವಿಷ ಒಂದೆರಡು ದಿನದ ಮೇಲೆ ಮೂತ್ರಪಿಂಡಕ್ಕೆ ಹೊಡೆತ ಕೊಡಬಹುದು. ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು ಅದರ ಗುರುತು.

ಇನ್ನು ಹಂದಿ. ಗೆಣಸಿಗೆ ಝಟಕಾ ಮಷೀನ್ (ಸೋಲಾರ್ ಬ್ಯಾಟರಿಯಿಂದ ಬೇಲಿ ತಂತಿಗೆ ತಡೆತಡೆದು ಕರೆಂಟಿನ ಹೊಡೆತ ಕೊಡುವ ಯಂತ್ರ) ಬಿಟ್ಟು ಬೇರೆ ಉಪಾಯ ನನಗೆ ಸಾಲಲಿಲ್ಲ. ಹಳೆ ಸೀರೆ, ಡಬ್ಬಿ ಸದ್ದು, ಕೂದಲು ಚೆಲ್ಲುವುದು ಎಲ್ಲ ಕೆಲವೇ ದಿನ. ಆಮೇಲೆ ಹಂದಿಗೆ ರೂಢಿ ಆಗುತ್ತದೆ. ತಂತಿ ನಾಲ್ಕು ಎಳೆ: ನೆಲದಿಂದ 8, 18, 30, 42 ಇಂಚಿಗೆ. ಹಂದಿ ಜಿಗಿಯುವುದಕ್ಕಿಂತ ಮೂತಿ ಹಾಕಿ ಅಡಿಯಿಂದ ನುಗ್ಗುವುದೇ ಹೆಚ್ಚು, ಹಾಗಾಗಿ ಕೆಳಗಿನ ಎರಡೇ ಮುಖ್ಯ. ಕಂಬ ಹದಿನೈದು ಫೂಟಿಗೊಂದು. ನೆಲ ತಗ್ಗಾದ ಕಡೆ ನಡುವೆ ಇನ್ನೊಂದು ಗೂಟ, ಇಲ್ಲವಾದರೆ ತಂತಿ ಅಲ್ಲಿ ಒಂದು ಫೂಟು ಮೇಲೆದ್ದು ದಾರಿ ಬಿಡುತ್ತದೆ.

ಮಷೀನ್ ಕೆಟ್ಟಿದೆ ಅಂತ ಜನ ಅಂಗಡಿಗೆ ಹೊರುತ್ತಾರೆ. ಬಹಳ ಸಲ ಕೆಟ್ಟಿರುವುದು ಅರ್ಥಿಂಗ್. ಕರೆಂಟು ತಂತಿಯಿಂದ ಹಂದಿಯ ಮೈಯೊಳಗೆ, ಅಲ್ಲಿಂದ ನೆಲದೊಳಗೆ ಹಾದು ಅರ್ಥಿಂಗ್ ಸಲಾಕೆಗೆ ತಿರುಗಿ ಬಂದರೇ ಝಟಕೆ. ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಮಾರ್ಚಿನಲ್ಲಿ ಒಣಗಿದರೆ ಆ ದಾರಿ ಕಡಿಯುತ್ತದೆ. ಆರು ಫೂಟಿನ ಜಿಐ (ಸತು ಲೇಪಿಸಿದ ಕಬ್ಬಿಣ) ಸಲಾಕೆ ಮೂರು, ಒಂದಕ್ಕೊಂದು ಹತ್ತು ಫೂಟು ಅಂತರ, ಸುತ್ತ ಇದ್ದಿಲು ಉಪ್ಪು; ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೊಂದಕ್ಕೆ ಎರಡು ಕೊಡ ನೀರು. ಮಳೆಗಾಲದ ತ್ರಾಸು ಬೇರೆ: ಕೆಳಗಿನ ತಂತಿಗೆ ಹುಲ್ಲು ತಾಗಿ ಕರೆಂಟು ನೆಲಕ್ಕೆ ಸೋರುತ್ತದೆ. ತಂತಿಯಡಿ ಎರಡು ಫೂಟು ಪಟ್ಟಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಕೊಯ್ಯಬೇಕು. ಮೋಡ ಮುಚ್ಚಿ ಪ್ಯಾನೆಲ್ ಚಾರ್ಜ್ ಮಾಡದಿದ್ದರೆ ಬ್ಯಾಟರಿ ಬಿಚ್ಚಿ ಮನೆಯಲ್ಲಿ ಚಾರ್ಜಿಗೆ ಹಾಕಬೇಕು. ದಿನಾ ಸಂಜೆ ಬೇಲಿಯ ದೂರದ ತುದಿಯಲ್ಲಿ ಟೆಸ್ಟರ್ ಹಿಡಿಯುತ್ತೇನೆ. 4,000 ವೋಲ್ಟ್‌ಗಿಂತ ಕೆಳಗಿದ್ದರೆ ಆ ರಾತ್ರಿಯೇ ಕಾರಣ ಹುಡುಕುತ್ತೇನೆ. ಬೇಲಿ ಚಾಲೂ ಆಗಬೇಕಾದದ್ದು ಗೆಡ್ಡೆ ಕಟ್ಟುವ ಮೊದಲು. ಒಮ್ಮೆ ರುಚಿ ಕಂಡ ಹಿಂಡು ಝಟಕೆ ತಿಂದೂ ಮುಂದಕ್ಕೇ ನುಗ್ಗುತ್ತದೆ. ಹಳ್ಳದ ಕಡೆ ಹತ್ತು ಫೂಟು ಬಿಟ್ಟು ಬೇಲಿ ಹಾಕಿದ್ದೇನೆ. ಅವುಗಳ ಹಳೇ ಹಾದಿ ಅವಕ್ಕೇ ಇರಲಿ.

ಮನೆಯ ಕರೆಂಟನ್ನು ಸೀದಾ ತಂತಿಗೆ ಕೊಡುವುದು ಕೊಲೆ. ಮಷೀನಿನ ಹೊಡೆತ ಕಣ್ಣೆವೆ ಬಡಿಯುವುದಕ್ಕಿಂತ ಚಿಕ್ಕದು, ಸೆಕೆಂಡಿಗೊಮ್ಮೆ ಬಂದು ನಿಲ್ಲುತ್ತದೆ, ಮುಟ್ಟಿದವರು ಹಿಂದೆ ಸರಿಯಬಹುದು. ಲೈನಿನ ಕರೆಂಟು ನಿಲ್ಲುವುದೇ ಇಲ್ಲ. ಸ್ನಾಯು ಬಿಗಿದು ಹಿಡಿದದ್ದು ಬಿಡದು. ಆನೆಯೂ ಸಾಯುತ್ತದೆ, ರಾತ್ರಿ ನೀರು ಹಾಯಿಸಲು ಹೋದ ಮನುಷ್ಯನೂ ಸಾಯುತ್ತಾನೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸೂ ಆಗುತ್ತದೆ.

ಉಳಿದವು ಚಿಕ್ಕ ಕೆಲಸ. ಮುಳ್ಳಹಂದಿ ಎಳೆ ತೆಂಗಿನ ಬುಡ ಕೊರೆಯುತ್ತದೆ. ಎರಡು ಫೂಟು ಎತ್ತರದ ಪತ್ರಾ ಸುತ್ತಿ, ಅರ್ಧ ಫೂಟು ನೆಲದೊಳಗೆ ಹೂಳಿ. ನವಿಲು ಮೊಳಕೆ ಕೀಳುವುದು ಮೊದಲ ಮೂರು ವಾರ. ಅಷ್ಟು ದಿನ ಮಡಿಯ ಮೇಲೆ ಕಮಾನು ಹಾಕಿ ಬಲೆ ಬಿಗಿದು ಕಟ್ಟಿ. ಸಡಿಲ ಬಲೆಯಲ್ಲಿ ಹಾವು ಸಿಕ್ಕಿಕೊಳ್ಳುತ್ತದೆ. ಮಂಗ್ಯಾನಿಗೆ ಅಡವಿ ಕಡೆಯ ಸಾಲಿನಲ್ಲಿ ಅರಿಷಿಣ, ಶುಂಠಿ ಹಾಕಿದ್ದೇನೆ. ಅದನ್ನು ಅದು ಮುಟ್ಟುವುದಿಲ್ಲ, ಆದರೆ ದಾಟಿ ಬಾಳೆಗೆ ಬರುತ್ತದೆ. ಬಾಳೆ ಅರೆಬಲಿತಾಗಲೇ ಗೊನೆ ಕಡಿದು ಒಳಗೆ ಹಣ್ಣು ಮಾಡುತ್ತೇನೆ.

ಬೆಳೆ ಹಾಳಾದ ಬೆಳಿಗ್ಗೆ ಮೊದಲು ಫೋಟೊ, ಆಮೇಲೆ ಹೊಲ ಸರಿ ಮಾಡುವುದು. ಹೆಜ್ಜೆ ಗುರುತಿನ ಪಕ್ಕ ಚಪ್ಪಲಿ ಇಟ್ಟು ಒಂದು, ಹೊಲದ ಗುರುತು ಸಿಗುವಂತೆ ದೂರದಿಂದ ಒಂದು. ಉತಾರ (ಪಹಣಿ), ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಜೊತೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು, ಸಿಬ್ಬಂದಿ ಬಂದು ಪಂಚನಾಮೆ ಮಾಡುವವರೆಗೆ ಆ ಮಡಿ ಉಳದೇ ಬಿಡಿ. ಕರಡಿ, ಆನೆ, ಕಾಡುಕೋಣ ಮನೆ ಹತ್ತಿರ ನಿಂತಿದ್ದರೆ ಓಡಿಸಲು ಹೋಗದೆ ಒಳಗೆ ಸೇರಿ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.