ಮಗುವಿಗೆ ಜ್ವರ: ತುರ್ತು ವಿಭಾಗಕ್ಕೆ ಓಡಬೇಕಾದ್ದು ಯಾವಾಗ?

ರಾತ್ರಿ ಹೊತ್ತು ಮಗುವನ್ನು ಎತ್ತಿಕೊಂಡು ತುರ್ತು ವಿಭಾಗಕ್ಕೆ ಬರುವ ಹೆತ್ತವರ ಬಾಯಲ್ಲಿ ಮೊದಲು ಬರುವುದು ಜ್ವರದ ಅಂಕಿ: ‘ನೂರಾ ಮೂರು ಇದೆ ಡಾಕ್ಟ್ರೇ!’ ಮೂರು ತಿಂಗಳೊಳಗಿನ ಕೂಸಾದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಸಾಕು, ಬೆಳಗಾಗಲಿ ಎಂದು ಕಾಯಬೇಡಿ. ಅಷ್ಟು ಎಳೆಯ ಕೂಸಿನ ಮೈಯಲ್ಲಿ ದೊಡ್ಡ ಸೋಂಕಿದ್ದರೂ ಬೇರೆ ಲಕ್ಷಣ ಕಾಣದೇ ಇರಬಹುದು. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ಮಗು ಹೇಗಿದೆ ಎಂಬುದೇ ಮುಖ್ಯ.

ಮೊದಲು ಉಸಿರು ಎಣಿಸಿ. ಮಗು ಅಳದೆ ಇರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರದ ಕಾರಣ 15 ಸೆಕೆಂಡು ಎಣಿಸಿ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ ವೈದ್ಯರು ಅಂದೇ ನೋಡಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಎಳೆದುಕೊಂಡರೆ, ತುಟಿ ನೀಲಿಗಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ.

ಎಬ್ಬಿಸಿದರೂ ಏಳದಷ್ಟು ಮಂಕು, ಹಾಲು-ನೀರು ಏನೂ ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿ, ಎಂಟು ಗಂಟೆಯಾದರೂ ಮೂತ್ರವಿಲ್ಲ: ಇವೂ ಹೊರಡಬೇಕಾದ ಸೂಚನೆಗಳೇ.

ಇನ್ನು ಪ್ಯಾರಸಿಟಮಾಲ್. ಹೆಚ್ಚು ಎಡವಟ್ಟಾಗುವುದು ಇಲ್ಲಿ. ಅಳತೆ ವಯಸ್ಸಿನದಲ್ಲ, ತೂಕದ್ದು: ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂವರೆಗೆ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ, ಅಂದರೆ 5 ಎಂಎಲ್‌ಗೆ 125 ಎಂದು ಬರೆದಿರುವ ಸಿರಪ್ 6 ಎಂಎಲ್. 250ರದ್ದಾದರೆ 3 ಎಂಎಲ್. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಬರೀ ಒಂದೂವರೆ ಎಂಎಲ್. ಸಿರಪ್ ಎಂದುಕೊಂಡು ಡ್ರಾಪ್ಸನ್ನೇ 6 ಎಂಎಲ್ ಕುಡಿಸಿದರೆ ನಾಲ್ಕು ಪಟ್ಟು ಮದ್ದು ಹೊಟ್ಟೆಗೆ ಹೋಗುತ್ತದೆ, ಪೆಟ್ಟು ಯಕೃತ್ತಿಗೆ. ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಆರು ಗಂಟೆಗೊಮ್ಮೆ ಕೊಟ್ಟರೆ ಸಾಕು, ದಿನಕ್ಕೆ ನಾಲ್ಕು ಸಲ ಮೀರಬಾರದು.

ಜ್ವರದಲ್ಲಿ ಫಿಟ್ಸ್ ಬಂದರೆ ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ, ಗಂಟೆ ನೋಡಿಕೊಳ್ಳಿ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ದಯವಿಟ್ಟು ಬೇಡ. ಬಾಯಿಗೆ ಚಮಚ, ನೀರು, ಬೆರಳು ಯಾವುದನ್ನೂ ಹಾಕಬೇಡಿ. ಹಲ್ಲು ಮುರಿಯಬಹುದು, ನೀರು ಶ್ವಾಸಕೋಶಕ್ಕಿಳಿಯಬಹುದು. ಐದು ನಿಮಿಷ ದಾಟಿದರೆ 108. ಮೊದಲ ಸಲದ ಫಿಟ್ಸ್ ಆದರೆ ಬೇಗ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು.

ಹೊರಡುವಾಗ ತಾಯಿ ಕಾರ್ಡ್ ಮತ್ತು ಕೊಟ್ಟ ಔಷಧಿಯ ಬಾಟಲಿ ಜೊತೆಗಿರಲಿ. ಕೊನೆಯ ಸಲ ಎಷ್ಟು ಗಂಟೆಗೆ, ಎಷ್ಟು ಎಂಎಲ್ ಕೊಟ್ಟಿರೆಂದು ಬಾಟಲಿಯ ಮೇಲೆಯೇ ಬರೆದುಬಿಡಿ.